ನಾಲ್ಕು ನಿಮಿಷದ ಕತ್ತಲೆ

ನಮ್ಮೂರಿನಲ್ಲಿ ಕತ್ತಲೆ ಬೇಕಾದರೆ ಅರ್ಜಿ ಹಾಕಬೇಕು. ಮೂವತ್ತು ದಿನ ಮೊದಲು, ಕಾರಣ ಸಹಿತ. ಆ ಕಾರಣ ಕಂಪನಿಯ ಪಟ್ಟಿಯಲ್ಲಿ ಇರಬೇಕು. ಪಟ್ಟಿಯಲ್ಲಿಲ್ಲದ ಕಾರಣಕ್ಕೆ ಕತ್ತಲೆ ಕೇಳುವವನು ಒಂದೋ ಕಳ್ಳ, ಇಲ್ಲವೇ ಹುಚ್ಚ ಎಂದು ಜನ ತಿಳಿಯುತ್ತಾರೆ. ನಾನು ಕಳ್ಳನಲ್ಲ ಎಂದು ಗುಳೇದಗುಡ್ಡಕ್ಕೆಲ್ಲ ಗೊತ್ತಿದೆ. ಆದ್ದರಿಂದ ನನಗೆ ಉಳಿದದ್ದು ಒಂದೇ ಪದವಿ.

ನನ್ನ ಹೆಸರು ಮಹಾಂತೇಶ. ಬಜಾರಿನಲ್ಲಿ ಮೂವತ್ತೆಂಟು ವರ್ಷದಿಂದ ಚಾಳೀಸಿನ ಅಂಗಡಿ ಇಟ್ಟುಕೊಂಡಿದ್ದೇನೆ. ಹಗಲು ಊರಿನವರ ಕಣ್ಣಿಗೆ ಗಾಜು ಕೂಡಿಸುವುದು, ರಾತ್ರಿ ನನ್ನ ಕಣ್ಣಿಗೆ ದೂರದರ್ಶಕ ಹಚ್ಚಿಕೊಂಡು ಮಾಳಿಗೆಯ ಮೇಲೆ ಕೂಡುವುದು, ಇಷ್ಟೇ ನನ್ನ ಬಾಳು. ಏಳು ವರ್ಷದ ಹಿಂದೆ ‘ಸಂಜೆಬೆಳಕು’ ಎಂಬ ಕಂಪನಿ ಬಂದು ಇದರಲ್ಲಿ ಅರ್ಧ ಕಿತ್ತುಕೊಂಡಿತು.

ಕಂಪನಿ ಮಾಡಿದ್ದು ಇಷ್ಟು. ನೆಲದಿಂದ ಆರುನೂರು ಕಿಲೋಮೀಟರ್ ಎತ್ತರದಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹಾಳೆಯ ಕನ್ನಡಿಗಳನ್ನು ಸಾಲಾಗಿ ಸುತ್ತಲು ಬಿಟ್ಟಿತು. ನಮಗೆ ಹೊತ್ತು ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತದೆ. ಕನ್ನಡಿ ಆ ಬಿಸಿಲನ್ನು ಹಿಡಿದು, ಆರೇಳು ಕಿಲೋಮೀಟರ್ ಅಗಲದ ಒಂದು ಸುತ್ತಿನಲ್ಲಿ ಊರಿನ ಮೇಲೆ ಚೆಲ್ಲುತ್ತದೆ. ನಾಲ್ಕು ನಿಮಿಷದಲ್ಲಿ ಒಂದು ಕನ್ನಡಿ ದಾಟಿ ಹೋಗುತ್ತದೆ. ಅಷ್ಟರೊಳಗೆ ಹಿಂದಿನದು ಬಂದು ಕೆಲಸ ವಹಿಸಿಕೊಳ್ಳುತ್ತದೆ. ಹೀಗೆ ರಾತ್ರಿ ಹತ್ತರವರೆಗೆ ನಡೆಯುತ್ತದೆ. ಹತ್ತರ ಮೇಲೆ ಕನ್ನಡಿಗಳೂ ಭೂಮಿಯ ನೆರಳಿಗೆ ಬೀಳುತ್ತವೆ, ಊರೂ ಮಲಗುತ್ತದೆ.

ಬೈಯುವವನು ನಾನೊಬ್ಬನೇ. ಮಗ್ಗದವರಿಗೆ ಇದು ಹಬ್ಬ. ಅಂಗಳದಲ್ಲಿ ಕೂತು ರಾತ್ರಿ ಒಂಬತ್ತಕ್ಕೂ ಎಳೆ ಕೂಡಿಸಬಹುದು, ಖಣದ ಅಂಚಿನ ಬಣ್ಣ ಹಗಲಿನಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಹುಡುಗಿಯರು ಟ್ಯೂಷನ್ ಮುಗಿಸಿ ಹೆದರಿಕೆಯಿಲ್ಲದೆ ಮನೆಗೆ ಬರುತ್ತಾರೆ. ಕೋಳಿಗಳು ಮಾತ್ರ ಏಳು ವರ್ಷವಾದರೂ ಯಾವಾಗ ಗೂಡು ಸೇರಬೇಕೆಂದು ತಿಳಿಯದೆ ಓಣಿಯಲ್ಲಿ ಸಿಟ್ಟಿನಿಂದ ಓಡಾಡುತ್ತವೆ. ಅವುಗಳ ಪಕ್ಷ ನನ್ನದು. ಬೇಗ ಮಲಗುವ ಮುದುಕರಿಗೆ ನನ್ನ ಅಂಗಡಿಯಲ್ಲೇ ಕಪ್ಪು ಕಣ್ಣುಪಟ್ಟಿ ಮಾರುತ್ತೇನೆ, ಅದರ ವ್ಯಾಪಾರವೂ ಚೆನ್ನಾಗಿದೆ. ಹೀಗಾಗಿ ನಾನು ಕಂಪನಿಯನ್ನು ಬೈದರೆ ಕೇಳುವವರಿಗೆ ನಗು ಬರುತ್ತದೆ.

ಹತ್ತರ ಮೇಲೆ ನೋಡಿಕೊಳ್ಳಬಹುದಲ್ಲ ಎನ್ನುತ್ತಾರೆ. ನೋಡಿಕೊಳ್ಳುತ್ತಿದ್ದೆ ಕೂಡ. ಆದರೆ ಈ ವರ್ಷದ ಕಾರ್ತಿಕದಲ್ಲಿ ನಡೆಯಬೇಕಾಗಿದ್ದ ಒಂದು ಘಟನೆಯ ಹೊತ್ತು ಸಂಜೆ ಏಳು ಗಂಟೆ ನಲವತ್ಮೂರು ನಿಮಿಷ. ಆಕಾಶಕ್ಕೆ ನಮ್ಮ ಅನುಕೂಲ ಕೇಳುವ ಅಭ್ಯಾಸವಿಲ್ಲ. ಆ ಹೊತ್ತು ತಪ್ಪಿದರೆ ನನ್ನ ಹೆಂಡತಿಗೆ ನಾನು ಮಾಡಿದ ಅನ್ಯಾಯ ಹಾಗೆಯೇ ಉಳಿದುಹೋಗುತ್ತಿತ್ತು.

ಅದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮಂಗಳ ಮತ್ತು ಗುರುವಿನ ನಡುವೆ ಲಕ್ಷಾಂತರ ಬಂಡೆಗಳು ಸುತ್ತುತ್ತವೆ. ಅವುಗಳಲ್ಲಿ ಒಂದು, ಅರವತ್ತು ಕಿಲೋಮೀಟರ್ ಗಾತ್ರದ್ದು, ಆ ವರ್ಷ ಒಂದು ಸಣ್ಣ ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಹಾಗೆ ಹೋಗುವಾಗ ಬಂಡೆಯ ನೆರಳು ಭೂಮಿಯ ಮೇಲೆ ಓಡುತ್ತದೆ. ಆ ದಾರಿಯಲ್ಲಿ ಕೂತವರಿಗೆ ನಕ್ಷತ್ರ ಐದಾರು ಸೆಕೆಂಡು ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಎಷ್ಟು ಹೊತ್ತು ಆರಿತ್ತೆಂದು ಊರೂರಿನ ಹವ್ಯಾಸಿಗಳು ಅಳೆದು ಕಳಿಸಿದರೆ, ದೊಡ್ಡ ದೂರದರ್ಶಕಗಳಿಗೂ ಬರೀ ಚುಕ್ಕೆಯಾಗಿ ಕಾಣುವ ಆ ಬಂಡೆಯ ಆಕಾರ ಗೊತ್ತಾಗುತ್ತದೆ. ನಮ್ಮಂಥವರಿಂದ ವಿಜ್ಞಾನಕ್ಕೆ ನಿಜವಾಗಿ ಉಪಯೋಗವಾಗುವ ಕೆಲಸ ಇದು.

ಆ ಬಂಡೆಗೆ ಸಂಖ್ಯೆ ಬಿಟ್ಟರೆ ಹೆಸರಿರಲಿಲ್ಲ. ನನ್ನ ಹೆಂಡತಿ ದಾಕ್ಷಾಯಣಿ ಅದಕ್ಕೆ ಹುಣಸೀಬೀಜ ಎಂದು ಹೆಸರಿಟ್ಟಳು. ಆಗ ನಾವಿಬ್ಬರೂ ಕೂಡಿಯೇ ಮಾಳಿಗೆ ಹತ್ತುತ್ತಿದ್ದೆವು. ದೂರದರ್ಶಕಕ್ಕೆ ಕಣ್ಣಿಡುವವಳು ಅವಳು, ಗಡಿಯಾರ ಮತ್ತು ನೋಟ್‌ಬುಕ್ ಹಿಡಿದು ಕೂಡುವವನು ನಾನು. ಅವಳ ಕಣ್ಣು ನನ್ನದಕ್ಕಿಂತ ಚುರುಕು. ಖಣ ನೇಯುವವಳು. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಕಡಿದರೂ ಅವಳ ಕಾಲು ತಾನಾಗಿ ನಿಲ್ಲುತ್ತದೆ.

ಆ ರಾತ್ರಿ ಅವಳು “ಹೋತು” ಎಂದಳು, ನಂತರ “ಬಂತು” ಎಂದಳು. ಐದು ಸೆಕೆಂಡು. ಬರೆದುಕೊಂಡೆ. ಮುಕ್ಕಾಲು ನಿಮಿಷವಾದ ಮೇಲೆ ಅವಳು ಒಂದೇ ಉಸಿರಿಗೆ “ಹೋತು, ಬಂತು” ಎಂದಳು.

“ರೆಪ್ಪಿ ಬಡದಿರಬೇಕು ನೀನು,” ಎಂದೆ.

“ಇಲ್ರಿ. ಚುಕ್ಕಿನ ಹೋಗಿ ಬಂತು.”

ಪೆನ್ಸಿಲಿನಲ್ಲಿ ಅದನ್ನೂ ಬರೆದೆ. ಬೆಳಿಗ್ಗೆ ಹವ್ಯಾಸಿಗಳ ಸಂಘಕ್ಕೆ ವರದಿ ಕಳಿಸುವ ಹೊತ್ತಿಗೆ ನನಗೆ ಅಳುಕು ಶುರುವಾಯಿತು. ಎರಡನೇ ಸಲ ಆರಿತೆಂದರೆ ಆ ಬಂಡೆಗೆ ಒಂದು ಪುಟ್ಟ ಉಪಗ್ರಹ ಇದೆ ಎಂದರ್ಥ. ಅಂಥ ದೊಡ್ಡ ಮಾತನ್ನು ಗುಳೇದಗುಡ್ಡದ ಚಾಳೀಸಿನ ಅಂಗಡಿಯವನು ಹೇಳಿದರೆ ಶಹರದ ಹವ್ಯಾಸಿಗಳು ನಕ್ಕಾರು. ಆ ಸಾಲನ್ನು ಹೊಡೆದು ಹಾಕಿದೆ. ‘ಆರಿದ್ದು: ಒಂದು ಸಲ’ ಎಂದು ಬರೆದೆ. ನೋಡಿದವರ ಹೆಸರು ಎಂಬಲ್ಲಿ, ಕೈ ರೂಢಿಯೋ ಏನೋ, ನನ್ನ ಹೆಸರನ್ನೇ ಬರೆದೆ.

ದಾಕ್ಷಾಯಣಿ ವರದಿ ಓದಿದಳು. ಜಗಳ ಮಾಡಲಿಲ್ಲ. ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಂದಿನಿಂದ ಅವಳು ನಕ್ಷತ್ರ ನೋಡಲು ಮಾಳಿಗೆ ಹತ್ತಲಿಲ್ಲ.

ಮೂರು ವರ್ಷದ ಹಿಂದೆ ಬೇರೊಂದು ದೇಶದ ದ್ರಾಕ್ಷಿ ತೋಟದವನೊಬ್ಬ ತನ್ನ ಕ್ಯಾಮೆರಾದಲ್ಲಿ ಹುಣಸೀಬೀಜವನ್ನು ಹಿಡಿದ. ಅವನಿಗೂ ಎರಡನೆಯ ಸಲ ಒಂದು ಸಣ್ಣ ಆರುವಿಕೆ ಸಿಕ್ಕಿತು. ಆ ಸುದ್ದಿ ಓದಿದೆ. ಒಂದು ಅಳತೆಯಿಂದ ಏನೂ ಆಗುವುದಿಲ್ಲ, ದಾರಿ ಕಂಡುಹಿಡಿಯಲು ಎರಡಾದರೂ ಬೇಕು. ಹಳೆಯ ನೋಟ್‌ಬುಕ್ ತೆಗೆದು, ಹೊಡೆದು ಹಾಕಿದ ಗೆರೆಯ ಕೆಳಗಿನಿಂದ ದಾಕ್ಷಾಯಣಿಯ ಅಂಕಿಯನ್ನು ಓದಿಕೊಂಡು, ಅವನದಕ್ಕೆ ಜೋಡಿಸಿದೆ. ಮೂರು ತಿಂಗಳು ಗುಣಿಸಿ ಭಾಗಿಸಿದ ಮೇಲೆ ಲೆಕ್ಕ ಕೂಡಿತು. ಅವಳು ಕಂಡದ್ದು ನಿಜವಾಗಿದ್ದರೆ ಈ ಕಾರ್ತಿಕದ ಒಂದು ಸಂಜೆ ದೊಡ್ಡ ನೆರಳು ನಮ್ಮ ಜಿಲ್ಲೆಯ ಮೇಲೂ, ಅದಾಗಿ ನಲವತ್ತೆಂಟು ಸೆಕೆಂಡಿಗೆ ಅದರ ಮರಿಯ, ಅಂದರೆ ಆ ಪುಟ್ಟ ಉಪಗ್ರಹದ, ನೆರಳು ಸರಿಯಾಗಿ ನಮ್ಮೂರ ಮೇಲೂ ಹಾಯಬೇಕು. ಅವಳ ಅಂಕಿ ಇಲ್ಲದೆ ಈ ಲೆಕ್ಕವೇ ಇಲ್ಲ. ಅಂದರೆ ಮರಿ ಕಂಡಿತೆಂದರೆ ಅವಳ ಇಪ್ಪತ್ತೆರಡು ವರ್ಷದ ಹಿಂದಿನ ಮಾತೂ ಅದರ ಜೊತೆಗೇ ನಿಜವಾದಂತೆ.

ಹಳೆಯ ಅಂಕಿಯನ್ನು ಹವ್ಯಾಸಿಗಳ ಸಂಘಕ್ಕೆ ಕಳಿಸಿದೆ. ‘ಇಷ್ಟು ವರ್ಷದ ಮೇಲೆ ನೆನಪಾದ ಅಳತೆಯನ್ನು ಸೇರಿಸಲಾಗದು’ ಎಂದು ಒಂದೇ ಸಾಲಿನ ಉತ್ತರ ಬಂತು. ಅವರದು ತಪ್ಪಲ್ಲ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೋದವನು ನಾನು. ಇನ್ನು ಉಳಿದದ್ದು ಆ ಸಂಜೆಯೊಂದೇ. ಅದು ಬಿಟ್ಟರೆ ಹುಣಸೀಬೀಜದ ನೆರಳು ಈ ಕಡೆ ಬರುವುದು ಮೂವತ್ತೊಂಬತ್ತು ವರ್ಷದ ಮೇಲೆ. ಆಗ ನಾನಾಗಲಿ ಅವಳಾಗಲಿ ಇರುವುದಿಲ್ಲ.

ಕಂಪನಿಗೆ ಅರ್ಜಿ ಹಾಕಿದೆ. ಕಾರಣ: ನಕ್ಷತ್ರ ವೀಕ್ಷಣೆ. ‘ಕಾರಣ ಅಮಾನ್ಯ’ ಎಂದು ತಿರುಗಿ ಬಂತು. ಮತ್ತೆ ಹಾಕಿದೆ. ಕಾರಣ: ವಿಜ್ಞಾನ. ಅಮಾನ್ಯ. ಮೂರನೆಯ ಸಲ ‘ಇತರೆ’ ಎಂದು ಹಾಕಿದೆ. ‘ಇತರೆ ಎಂಬ ಕಾರಣವನ್ನು ಕಳೆದ ವರ್ಷದಿಂದ ರದ್ದುಪಡಿಸಲಾಗಿದೆ’ ಎಂದು ಉತ್ತರ ಬಂತು. ಪುರಸಭೆಗೆ ಹೋದೆ, ಅವರು ತಹಶೀಲ್ದಾರರ ಹತ್ತಿರ ಕಳಿಸಿದರು. ಅಲ್ಲಿ ಆಕಾಶ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಅಷ್ಟಾದರೂ ತಿಳಿದಿದೆಯಲ್ಲ ಎಂದುಕೊಂಡು ಕೆಳಗಿಳಿದು ಬಂದೆ.

ಗುಡ್ಡದಾಚೆ ಹೋಗಿ ನೋಡುವ ದಾರಿಯೂ ಇರಲಿಲ್ಲ. ಬಾದಾಮಿಯಿಂದ ಹುನಗುಂದದವರೆಗೆ ಬೆಳಕಿನ ಸುತ್ತುಗಳು ಒಂದಕ್ಕೊಂದು ತಾಗಿಕೊಂಡೇ ಇವೆ. ನಮ್ಮ ಸುತ್ತು ಒಂದು ಆರಿದರೆ ತಲೆಯ ಮೇಲಿನಷ್ಟು ಆಕಾಶವಾದರೂ ಸಿಗುತ್ತಿತ್ತು. ಕೊನೆಗೆ ಅಂಗಡಿಗೆ ಬಾಗಿಲು ಹಾಕಿ ಬಾಗಲಕೋಟೆಯ ನವನಗರದಲ್ಲಿದ್ದ ಕಂಪನಿಯ ಕಂಟ್ರೋಲ್ ರೂಮಿಗೇ ಹೋದೆ.

ಪಾಳಿಯಲ್ಲಿದ್ದ ಎಂಜಿನಿಯರ್ ಫರ್ಜಾನಾ ನದಾಫ ಎಂಬ ಮೂವತ್ತರ ಹೆಣ್ಣುಮಗಳು. ಗೋಡೆಯ ತುಂಬ ಒಂದು ಪರದೆ, ಅದರ ಮೇಲೆ ನಮ್ಮ ಜಿಲ್ಲೆ. ಊರಿಗೊಂದು ಹಳದಿ ಸುತ್ತು, ಪ್ರತಿ ಸುತ್ತಿನಿಂದ ಮೇಲಕ್ಕೆ ಒಂದು ಗೆರೆ, ಗೆರೆಯ ತುದಿಗೆ ನಿಧಾನವಾಗಿ ಸರಿಯುವ ಕನ್ನಡಿ. ಅವಳು ಕುರ್ಚಿ ಕೊಟ್ಟು, ಚಹಾ ತರಿಸಿ, ನನ್ನ ಕಥೆಯನ್ನೆಲ್ಲ ಕೇಳಿದಳು. ಅಷ್ಟು ದಿನದಲ್ಲಿ ಕೇಳಿದವಳು ಅವಳೊಬ್ಬಳೇ.

“ಒಂದ ಕನ್ನಡಿ ಓರೆ ಮಾಡಿದ್ರ ಆತ್ರಿ ಸರ್, ನಿಮಗ ನಾಕ ನಿಮಿಷ ಕತ್ತಲಿ ಸಿಗತೈತಿ,” ಎಂದಳು. “ನನಗ ಅದು ಚಿಟಕಿ ಹೊಡದಷ್ಟು ಕೆಲಸ. ಆದ್ರ ಪಟ್ಟಿಯೊಳಗ ಕಾರಣ ಇಲ್ಲಂದ್ರ ಮಷೀನು ಬಿಡೂದಿಲ್ಲ.”

“ಏನೇನ ಅದಾವ ಪಟ್ಟಿಯೊಳಗ?”

ಓದಿ ಹೇಳಿದಳು. ಸಿನಿಮಾ ಚಿತ್ರೀಕರಣ, ಮದ್ದು ಸುಡುವುದು, ದೀಪೋತ್ಸವ, ಕನ್ನಡಿ ದುರಸ್ತಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸಿಟ್ಟಿನಿಂದ ಏಳುವವನಿದ್ದೆ. ಅಷ್ಟರಲ್ಲಿ ನನ್ನ ತಲೆಗೆ ಹೊಳೆಯಿತು. ಕಾರ್ತಿಕ ಮಾಸ. ನಮ್ಮ ಓಣಿಯ ಬಸವಣ್ಣನ ಗುಡಿ ಕಮಿಟಿಗೆ ನಾನೇ ಕಾರ್ಯದರ್ಶಿ, ಅದರ ಮೊಹರು ಒತ್ತುವ ಶಿಕ್ಕೆ ಕೂಡ ನನ್ನ ಅಂಗಡಿಯ ಡ್ರಾವರಿನಲ್ಲೇ ಬಿದ್ದಿರುತ್ತದೆ.

“ದೀಪೋತ್ಸವ ಅಂತ ಹಾಕ್ರಿ,” ಎಂದೆ.

“ಸರ್, ದೀಪೋತ್ಸವ ಅಂದ್ರ ಏನ್ ಆಗತೈತಿ ಅಂದ್ರ...”

“ಅದೆಲ್ಲಾ ನಾ ನೋಡಕೋತೀನಿ ತಂಗಿ. ನೀ ಹಾಕು. ನಾಳೆ ಶಿಕ್ಕೆ ಒತ್ತಿದ ಪತ್ರ ಕಳಸ್ತೀನಿ.”

ಅವಳು ಮತ್ತೊಮ್ಮೆ ಬಾಯಿ ತೆರೆದಳು. ನಾನು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಎರಡು ತಿಂಗಳು ಅಲೆದವನಿಗೆ ಗೆದ್ದ ಅಮಲು ಏರಿತ್ತು. ನಾಲ್ಕನೆಯ ದಿನ ಉತ್ತರ ಬಂತು. ಮಂಜೂರು. ಏಳು ನಲವತ್ತೊಂದರಿಂದ ಏಳು ನಲವತ್ತೈದರವರೆಗೆ.

ತಿಂಗಳು ಕಳೆದು ಆ ವಾರ ಹತ್ತಿರವಾದ ಮೇಲೆ ಒಂದು ಸಂಜೆ ಮನೆಗೆ ಬಂದಾಗ ದಾಕ್ಷಾಯಣಿ ಅಂಗಳದ ಮಗ್ಗದ ಮೇಲಿದ್ದಳು. ಕನ್ನಡಿಯ ಬೆಳಕಿನಲ್ಲಿ ಕೆಂಪು ಖಣ ಕೆಂಡದಂತೆ ಕಾಣುತ್ತಿತ್ತು.

“ಬರೂ ಮಂಗಳವಾರ ಸಂಜೀಕ ಒಂದ್ ಸಲ ಮಾಳಿಗಿ ಹತ್ತಬೇಕು ನೀನು,” ಎಂದೆ.

“ಯಾಕ? ಮೆಣಸಿನಕಾಯಿ ಒಣಗಾಕ ಹಾಕೀರೇನು?”

“ಹುಣಸೀಬೀಜ ಬರಾಕತ್ತೈತಿ.”

ಲಾಳಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿತು.

“ನಿಮ್ಮ ಕ್ಯಾಮೆರಾ ಐತಲ್ಲ, ಅದು ನೋಡತೈತಿ,” ಎಂದಳು. “ಅದು ರೆಪ್ಪಿ ಬಡಿಯೂದಿಲ್ಲ.”

ಈ ಮಾತನ್ನು ಅವಳು ಇಪ್ಪತ್ತೆರಡು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದಳು. ನಾನು ಮಗ್ಗದ ಪಕ್ಕದಲ್ಲಿ ಕೂತೆ. ದ್ರಾಕ್ಷಿ ತೋಟದವನ ಕಥೆ, ನನ್ನ ಲೆಕ್ಕ, ಸಂಘದ ಉತ್ತರ, ಎಲ್ಲ ಹೇಳಿದೆ. ನಲವತ್ತೆಂಟು ಸೆಕೆಂಡು ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಹೊತ್ತು ಗೊತ್ತಿದ್ದರೆ ಕಣ್ಣು ಇಲ್ಲದ್ದನ್ನೂ ಕಾಣುತ್ತದೆ, ಅದು ನಮ್ಮ ಹವ್ಯಾಸದ ಮೊದಲ ಪಾಠ.

“ಈಗ ಅದು ಕಂಡ್ರ ಯಾರಿಗೇನು ಬಂತು?” ಎಂದಳು.

“ನೀ ಅಂದದ್ದು ಖರೇ ಅಂತ ಆಗತೈತಿ.”

“ನಾ ಅಂದದ್ದು ಆವತ್ತೂ ಖರೇನ ಇತ್ತು.”

ನನಗೆ ನಾಚಿಕೆಯಾಯಿತು. ಎದ್ದು ಒಳಗೆ ಹೋದೆ. ಊಟಕ್ಕೆ ಬಡಿಸುವಾಗ ರೊಟ್ಟಿಯ ಮೇಲೆ ಪಲ್ಯ ಹಾಕುತ್ತ ಅವಳು, “ಎಷ್ಟೊತ್ತಿಗೆ?” ಎಂದು ಕೇಳಿದಳು. ಹೇಳಿದೆ. ಆ ರಾತ್ರಿ ನನಗೆ ನಿದ್ದೆ ಬರದಷ್ಟು ಸಂತೋಷವಾಗಿತ್ತು.

ಸೋಮವಾರ ಹತ್ತರ ಮೇಲೆ ಎರಡು ದೂರದರ್ಶಕಗಳನ್ನು ಮಾಳಿಗೆಗೆ ಹೊತ್ತೆ. ಒಂದು ಕ್ಯಾಮೆರಾಕ್ಕೆ, ಇನ್ನೊಂದು, ಹಳೆಯದು, ದಾಕ್ಷಾಯಣಿಗೆ. ಕನ್ನಡಿ ಬೆಳಕಿನಲ್ಲಿ ನಕ್ಷತ್ರ ಹುಡುಕಲಾಗುವುದಿಲ್ಲ, ನಾಲ್ಕು ನಿಮಿಷದ ಕತ್ತಲೆಯಲ್ಲಿ ಹುಡುಕುತ್ತ ಕೂತರೆ ಅದೇ ಮುಗಿದುಹೋಗುತ್ತದೆ. ಅದಕ್ಕೊಂದು ಉಪಾಯವಿದೆ. ನಮ್ಮ ನಕ್ಷತ್ರ ಆಕಾಶದಲ್ಲಿ ಸಾಗುವ ದಾರಿಯಲ್ಲೇ ತಾಸುಗಟ್ಟಲೆ ತಡವಾಗಿ ಬರುವ ಬೇರೊಂದು ನಕ್ಷತ್ರವನ್ನು ಹಿಡಿದು, ದೂರದರ್ಶಕವನ್ನು ಅಲ್ಲಿಗೇ ಬಿಗಿದು ಕಲ್ಲು ಒತ್ತಿಟ್ಟು ಬಿಡುವುದು. ಭೂಮಿ ತಾನೇ ತಿರುಗಿ, ಮರುದಿನ ಸರಿಯಾದ ಹೊತ್ತಿಗೆ ನಮ್ಮ ನಕ್ಷತ್ರವನ್ನು ಅದರ ಮುಂದೆ ತಂದು ನಿಲ್ಲಿಸುತ್ತದೆ. ಹಗಲೆಲ್ಲ ಅದರ ಹತ್ತಿರ ಬೆಕ್ಕು ಸುಳಿಯದಂತೆ ಕಾದೆ.

ಮಂಗಳವಾರ ಸಂಜೆ ಆರಕ್ಕೆ ನನ್ನ ಫೋನು ಸದ್ದು ಮಾಡಿತು. ಪಕ್ಕದ ಮನೆಯಲ್ಲೂ ಮಾಡಿತು. ಎದುರಿನ ಮನೆಯಲ್ಲೂ ಮಾಡಿತು. ಓಣಿಯ ಎಲ್ಲ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಕಂಪನಿಯ ಸಂದೇಶ: ‘ಗುಳೇದಗುಡ್ಡದ ಬಂಧುಗಳೇ, ಇಂದು ಬಸವಣ್ಣನ ಕಾರ್ತಿಕ ದೀಪೋತ್ಸವದ ನಿಮಿತ್ತ ಸಂಜೆ ೭-೪೧ಕ್ಕೆ ನಾಲ್ಕು ನಿಮಿಷ ಕತ್ತಲೆ ಇರುತ್ತದೆ. ಮನೆ ಮನೆಗಳಲ್ಲಿ ದೀಪ ಬೆಳಗಿ ಸಂಭ್ರಮಿಸಿ.’

ನಾನು ಗೋಡೆ ಹಿಡಿದು ನಿಂತೆ. ಓಣಿಯಲ್ಲಿ ಆಗಲೇ ಗದ್ದಲ ಎದ್ದಿತ್ತು. ಏಳು ವರ್ಷದಿಂದ ಕನ್ನಡಿ ಬೆಳಕಿನಲ್ಲಿ ಮಂಕಾಗಿ ಉರಿಯುತ್ತಿದ್ದ ಹಣತೆಗಳಿಗೆ ಒಮ್ಮೆಗೇ ಯೋಗ ಬಂದಿತ್ತು. ಎಣ್ಣೆಗೆ ಓಡುವವರು, ಬತ್ತಿ ಹೊಸೆಯುವವರು, ಅಟ್ಟದಿಂದ ಹಳೆಯ ಹಣತೆ ಇಳಿಸುವವರು. ಕತ್ತಲೆಯಲ್ಲಿ ದೀಪ ನೋಡದೆ ಬೆಳೆದ ಮಕ್ಕಳು ಕುಣಿಯುತ್ತಿದ್ದರು. ಪಕ್ಕದ ಮನೆಯ ಶಿವಲೀಲಾ ದೊಡ್ಡ ಹರಿವಾಣದ ತುಂಬ ಹಣತೆ ಇಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದಳು.

“ಭಾಳ ಚಲೋ ಮಾಡಿದ್ರಿ ಮಾವಾರ,” ಎಂದಳು. “ಇಂಥಾದ್ದು ನಿಮ್ಮ ತಲೀಗೇ ಹೊಳೀಬೇಕು. ಮುಂದಾಳು ನೀವ ಅದೀರಿ, ನಿಮ್ಮ ಮಾಳಿಗಿ ಮ್ಯಾಲೆ ನೂರಾಒಂದು ಪಣತಿ ಹಚ್ಚಬೇಕು ಅಂತ ನಾವ ಹೆಣ್ಣಮಕ್ಕಳೆಲ್ಲಾ ಮಾತಾಡಕೊಂಡೀವಿ.”

ಅವಳನ್ನು ಮಾಳಿಗೆಯಿಂದ ಇಳಿಸಲು ಕೈ ಮುಗಿಯಬೇಕಾಯಿತು. ಮುಖ ಸಣ್ಣದು ಮಾಡಿಕೊಂಡು ಹೋಗಿ ತನ್ನ ಮಾಳಿಗೆಯ ಅಂಚಿಗೆ ಜೋಡಿಸತೊಡಗಿದಳು. ಅದು ನಮ್ಮದಕ್ಕಿಂತ ಎಂಟು ಮೊಳ ದೂರ. ಕಂಟ್ರೋಲ್ ರೂಮಿಗೆ ಫೋನು ಹಚ್ಚಿದೆ. ಪುಣ್ಯಕ್ಕೆ ಫರ್ಜಾನಾಳ ಪಾಳಿ.

“ಇದೇನ್ ಮಾಡಿದ್ರೆವಾ? ಇಡೀ ಊರಿಗೆ ದೀಪ ಹಚ್ಚರಿ ಅಂತ ಯಾರ ಹೇಳಿದ್ರು ನಿಮಗ?”

“ದೀಪೋತ್ಸವ ಅಂತ ಹಾಕಿದ್ರ ಮಷೀನು ತಾನ ಊರಿಗೆ ಸುದ್ದಿ ಕಳಸತೈತ್ರಿ ಸರ್. ಆವತ್ತ ಅದನ್ನ ಹೇಳಾಕ ಬಂದೆ. ನೀವ ಬಿಡಲಿಲ್ಲ.”

“ಈಗ ಇನ್ನೊಂದು ಕಳಸ್ರಿ. ಯಾರೂ ದೀಪ ಹಚ್ಚಬ್ಯಾಡ್ರಿ ಅಂತ.”

“ದೀಪೋತ್ಸವಕ್ಕ ದೀಪ ಹಚ್ಚಬ್ಯಾಡ್ರಿ ಅಂತ ಹೆಂಗ ಕಳಸಲ್ರಿ?” ಅವಳ ಹಿಂದೆ ಯಾವುದೋ ಯಂತ್ರ ಬಡಿದುಕೊಳ್ಳುತ್ತಿತ್ತು. “ಅದನ್ನ ರದ್ದ ಮಾಡಬಹುದು. ಮಾಡಿದ್ರ ಕತ್ತಲೀನೂ ರದ್ದಾಗತೈತಿ. ಮಾಡಲೇನ್ರಿ?”

ಮಾಡಿದ್ದುಣ್ಣೋ ಮಹಾರಾಯ. ಬೇಡ ಎಂದು ಫೋನು ಇಟ್ಟೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಓಣಿಗಿಳಿದು ಮನೆ ಮನೆಗೆ ಓಡಿದೆ. ದೀಪ ಹಚ್ಚಬೇಡಿ, ನಾಲ್ಕು ನಿಮಿಷ ಬಿಟ್ಟು ಹಚ್ಚಿ ಎಂದೆ. ನಾಲ್ಕು ನಿಮಿಷ ಬಿಟ್ಟರೆ ಬೆಳಕು ಬಂದುಬಿಡುತ್ತದಲ್ಲ ಎಂದರು. ಅವರ ಮಾತೂ ನ್ಯಾಯವೇ. ಒಬ್ಬ ಮುದುಕ ನನ್ನ ಹೆಗಲ ಮೇಲೆ ಕೈಯಿಟ್ಟು, “ಹಬ್ಬ ಕೊಟ್ಟ ನೀನ, ಹಬ್ಬ ಕಸಗೋಬ್ಯಾಡೋ ತಮ್ಮಾ,” ಎಂದ. ಗಂಟೆ ಏಳಾಗಿ ಮೇಲೆ ಇಪ್ಪತ್ತೈದು ನಿಮಿಷವಾಗಿತ್ತು. ತಿರುಗಿ ಬಂದೆ.

ದಾಕ್ಷಾಯಣಿ ಆಗಲೇ ಮಾಳಿಗೆಯ ಮೇಲಿದ್ದಳು. ಹಳೆಯ ದೂರದರ್ಶಕದ ಮುಂದೆ ಮಣೆ ಹಾಕಿಕೊಂಡು, ತಲೆಯ ಮೇಲಿಂದ ಕರಿ ಕಂಬಳಿ ಹೊದ್ದು, ಕಣ್ಣು ಕತ್ತಲೆಗೆ ಹೊಂದಲೆಂದು ಅರ್ಧ ತಾಸಿನಿಂದ ಹಾಗೆಯೇ ಕೂತಿದ್ದಳಂತೆ. ನಾನು ಹೇಳಿರಲಿಲ್ಲ. ಕಂಬಳಿಯ ಒಳಗಿಂದ ಕೈ ಚಾಚಿದಳು. ಹೊತ್ತು ಬರೆದುಕೊಳ್ಳುವ ಗುಂಡಿಯನ್ನು ಆ ಕೈಗೆ ಕೊಟ್ಟೆ. ಚುಕ್ಕೆ ಆರಿದಾಗ ಒತ್ತುವುದು, ಹೊತ್ತಿದಾಗ ಬಿಡುವುದು, ಅಷ್ಟೇ.

ಏಳು ನಲವತ್ತೊಂದಕ್ಕೆ ಕತ್ತಲಾಯಿತು.

ಎಲ್ಲ ಮಾಳಿಗೆಗಳಿಂದ ಒಂದು ದೊಡ್ಡ ಉದ್ಗಾರ ಎದ್ದಿತು. ಸುತ್ತಲೂ ಹಣತೆಗಳು, ಸಾವಿರಾರು, ಗುಡ್ಡದ ಬುಡದವರೆಗೆ. ಚಂದವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಮಾತ್ರ ಒಂದೊಂದನ್ನೂ ಊದಿ ಆರಿಸಿಬಿಡಬೇಕು ಎನಿಸುತ್ತಿತ್ತು. ಮೇಲೆ ನೋಡಿದೆ. ಮೀನ ರಾಶಿಯ ಕಡೆ ಆಕಾಶ ಕಪ್ಪಗೆ ತೆರೆದುಕೊಂಡಿತ್ತು. ಕ್ಯಾಮೆರಾದ ಪರದೆಯಲ್ಲಿ ನಮ್ಮ ನಕ್ಷತ್ರ ಸಣ್ಣದಾಗಿ, ನಿಧಾನವಾಗಿ ಸರಿಯುತ್ತಿತ್ತು. ಭೂಮಿ ಅದನ್ನು ಹೇಳಿದ ಹೊತ್ತಿಗೆ ತಂದಿತ್ತು.

“ಕಾಣತೈತೇನು?”

“ಕಾಣತೈತಿ. ಸುಮ್ಮನಿರ್ರಿ.”

ಏಳು ನಲವತ್ಮೂರು ಕಳೆದು ಆರನೆಯ ಸೆಕೆಂಡಿಗೆ ಪರದೆಯ ಮೇಲೆ ಚುಕ್ಕೆ ಆರಿತು. ಕಂಬಳಿಯೊಳಗೆ ಗುಂಡಿ ಒತ್ತಿದ ಸದ್ದು ಕೇಳಿತು. ಐದೂವರೆ ಸೆಕೆಂಡು. ಚುಕ್ಕೆ ಹೊತ್ತಿತು. ಇನ್ನು ಮರಿ. ಬಾಯೊಳಗೇ ಎಣಿಸತೊಡಗಿದೆ. ಇಪ್ಪತ್ತು. ಮೂವತ್ತು. ನಲವತ್ತು. ನಲವತ್ತಾರು ಎನ್ನುವಾಗ ಹಿಂದಿನ ಓಣಿಯಿಂದ ಯಾರೋ ರಾಕೆಟ್ ಹಾರಿಸಿದರು. ಅದು ನಮ್ಮ ತಲೆಯ ಮೇಲೆಯೇ ಒಡೆದು ಮಾಳಿಗೆ ಬೆಳ್ಳಗಾಯಿತು. ಜನ ಕೇಕೆ ಹಾಕಿದರು. ಕ್ಯಾಮೆರಾದ ಪರದೆ ಮೂರು ಸೆಕೆಂಡು ಬರೀ ಬಿಳಿ.

ಆದರೆ ಆ ಕೇಕೆಯ ನಡುವೆಯೂ ಕಂಬಳಿಯೊಳಗಿನ ಗುಂಡಿಯ ಸದ್ದು ನನಗೆ ಕೇಳಿತು. ಒತ್ತಿದ್ದು, ಬಿಟ್ಟದ್ದು.

ಏಳು ನಲವತ್ತೈದಕ್ಕೆ ಮುಂದಿನ ಕನ್ನಡಿ ಬಂತು. ಹಣತೆಗಳೆಲ್ಲ ಮಂಕಾದವು. ನಾನು ಗುಂಡಿಯ ಯಂತ್ರವನ್ನು ಕಿತ್ತುಕೊಂಡು ಅಂಕಿ ನೋಡಿದೆ. ಎರಡು ಸಲ ಒತ್ತಿದ್ದಳು. ಎರಡನೆಯದು ಸರಿಯಾಗಿ ನಲವತ್ತೆಂಟು ಸೆಕೆಂಡಿನ ಮೇಲೆ.

“ದಾಕ್ಷಾಯಣಿ, ಎರಡು ಬಿದ್ದಾವು. ನೀ ಆವತ್ತ ಹೇಳಿದ್ದು ಖರೇ ಆತು.”

ಅವಳು ಕಂಬಳಿ ಸರಿಸಿ ಕಣ್ಣು ಒರೆಸಿಕೊಂಡಳು.

“ಎರಡನೇದು ಹೊಗೀರಿ,” ಎಂದಳು. “ರಾಕೆಟ್ ಹೊಗಿ ಬಂತು, ಚುಕ್ಕಿ ಮಬ್ಬಾತು. ಕೈ ತಾನ ಒತ್ತಿಬಿಟ್ಟಿತು.”

“ಹೊಗಿಗೆ ನಲವತ್ತೆಂಟು ಸೆಕೆಂಡ ಅಂತ ಹೆಂಗ ಗೊತ್ತಾತು? ನಾ ನಿನಗೂ ಹೇಳಿದ್ದಿಲ್ಲ.”

“ನಮ್ಮ ಚುಕ್ಕಿ ಬಾಜೂಕ ಒಂದು ಕೆಂಪು ಚುಕ್ಕಿ ಇತ್ತು. ಅದೂ ಹೋತು. ಹುಣಸೀಬೀಜದ ಮರಿ ಎರಡೂ ಚುಕ್ಕಿ ನುಂಗತೈತೇನು?”

ನುಂಗುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

“ಹೊಗಿ ಹಿಂದ ಮರಿನೂ ಬಂದಿರಬಹುದು,” ಎಂದೆ.

“ಬಂದಿರಬಹುದು. ನಾ ನೋಡಿಲ್ಲ.”

ನಾನು ಮೊಣಕಾಲೂರಿ ಅವಳ ಮುಂದೆ ಕೂತೆ. ಓಣಿಯಲ್ಲಿ ಜನ ನನ್ನ ಹೆಸರು ಹಿಡಿದು ಜಯಕಾರ ಹಾಕುತ್ತಿದ್ದರು. “ಕೇಳಿಲ್ಲೆ,” ಎಂದೆ. “ಹೊತ್ತು ಕೂಡೈತಿ. ಆ ದ್ರಾಕ್ಷಿ ತೋಟದಂವದೂ ಕೂಡತೈತಿ. ಕೆಂಪು ಚುಕ್ಕಿದು ಯಾರ ಕೇಳತಾರ? ಬರದ ಬಿಡ್ತೀನಿ. ಈ ಸಲ ನಿನ್ನ ಹೆಸರಲೇ ಬರೀತೀನಿ. ಇನ್ನ ನಮ್ಮ ಜೀವಮಾನದಾಗ ಇದು ಬರೂದಿಲ್ಲ. ಇದೆಲ್ಲಾ ಮಾಡಿದ್ದು ನಿನ್ನ ಸಲುವಾಗಿ.”

ದಾಕ್ಷಾಯಣಿ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು.

“ಆವತ್ತ ಕಂಡೈತಿ ಅಂದೆ, ಬರೀಲಿಲ್ಲ ನೀವು. ಇವತ್ತ ಕಂಡಿಲ್ಲ ಅನ್ನಾಕತ್ತೀನಿ, ಬರೀತೀನಿ ಅಂತೀರಿ,” ಎಂದಳು. “ನಾ ಹೇಳಿದ್ದು ಯಾವಾಗ ಬರೀತೀರಿ?”

ಕನ್ನಡಿಯ ಬೆಳಕಿನಲ್ಲಿ ಅವಳ ಮುಖದಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ವರದಿಯ ಹಾಳೆ ತೆಗೆದೆ. ನೋಡಿದವರು: ದಾಕ್ಷಾಯಣಿ. ಮೊದಲ ಸಲ ಆರಿದ್ದು: ಐದೂವರೆ ಸೆಕೆಂಡು. ಎರಡನೆಯ ಸಲ: ಕಾಣಲಿಲ್ಲ.

ಅವಳು ಹಾಳೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದು ಓದಿದಳು.

“ಕಾಣಲಿಲ್ಲ ಅಂದ್ರ ಇದ್ದಿಲ್ಲ ಅಂತ ಆಗತೈತಿ,” ಎಂದಳು. “ಹೊಗಿ ಬಂತು, ನೋಡಾಕ ಆಗಲಿಲ್ಲ ಅಂತ ಬರೀರಿ.”

ನಾನು ಬರೆದದ್ದನ್ನು ಹೊಡೆದು ಹಾಕಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಅವಳು ಇನ್ನೊಮ್ಮೆ ಓದಿದ ಮೇಲೆ, ಅವಳ ಎದುರಿಗೇ ಸಂಘಕ್ಕೆ ಕಳಿಸಿದೆ.